ಸ್ಟೇಪ್ಲರ್ ಹೊಡೆದರೂ ಸೋರುವುದೇಕೆ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಭಾವನವರ ಪ್ಯಾಂಕ್ರಿಯಾಸಿನ (ಜೀರ್ಣರಸ ಮಾಡುವ ಗ್ರಂಥಿ) ಬಾಲದಲ್ಲಿದ್ದ ಗಡ್ಡೆಯನ್ನು ಗುಲ್ಮದ ಸಮೇತ ತೆಗೆದು, ಕತ್ತರಿಸಿದ ತುದಿಯನ್ನು ಸ್ಟೇಪ್ಲರಿನ ಪಿನ್ನುಗಳಿಂದ ಮುಚ್ಚಿ 25 ದಿನವಾಯಿತು. ಡ್ರೈನ್ ಪೈಪು ಇನ್ನೂ ಪಕ್ಕೆಯಲ್ಲೇ ಇದೆ. ದಿನಕ್ಕೆ ಅರ್ಧ ಲೋಟದಷ್ಟು ಬೂದು ನೀರು ಚೀಲಕ್ಕೆ ಇಳಿಯುತ್ತಿದೆ. “ಸ್ಟೇಪ್ಲರ್‌ಗೆಂದು ಬೇರೆ ಬಿಲ್ ಕಟ್ಟಿದ್ದೇವೆ. ಅದು ಬಂದ ಮೇಲೆ ಸೋರಿಕೆಯ ಕಾಟ ತಪ್ಪಿತು ಅಂತ ನಿಮ್ಮ ಪತ್ರಿಕೆಯಲ್ಲೇ ಓದಿದ್ದೆ. ಈಗ ನೆಂಟರೊಬ್ಬರು, ಕೈಯಲ್ಲಿ ಹೊಲಿಸಿದ್ದರೆ ಹೀಗಾಗುತ್ತಿರಲಿಲ್ಲ ಅನ್ನುತ್ತಾರೆ. ಯಾರನ್ನು ನಂಬಲಿ?” ಎಂದು ಕೇಳಿದ್ದೀರಿ.

ಇಬ್ಬರನ್ನೂ ನಂಬಬೇಡಿ. ಆ ವಾಕ್ಯ ಅಚ್ಚಿಗೆ ಹೋಗುವ ಮೊದಲು ನಾನು ತಡೆಯಬೇಕಿತ್ತು. ತಪ್ಪಾಯಿತು.

ಪಿನ್ನೋ ದಾರವೋ ಎಂಬ ಜಗಳ ಸರ್ಜನ್ನರಲ್ಲೂ ಇತ್ತು. ಜರ್ಮನಿಯ ಹೈಡೆಲ್‌ಬರ್ಗಿನವರ ಮುಂದಾಳ್ತನದಲ್ಲಿ ಯುರೋಪಿನ 21 ಆಸ್ಪತ್ರೆಗಳು ಸೇರಿ ಡಿಸ್ಪ್ಯಾಕ್ಟ್ ಎಂಬ ಅಧ್ಯಯನ ನಡೆಸಿದವು. ಅದು 2011ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಯಾರಿಗೆ ಸ್ಟೇಪ್ಲರ್, ಯಾರಿಗೆ ಸೂಜಿದಾರ ಎಂಬುದನ್ನು ಸರ್ಜನ್ನರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದ ಹಾಗೆ ಗೊತ್ತುಮಾಡಿದರು. ಏಳು ದಿನದೊಳಗೆ ಸೋರಿಕೆಯೋ ಸಾವೋ ಆದವರು ಸ್ಟೇಪ್ಲರ್ ಕಡೆ ಶೇ. 32, ಹೊಲಿಗೆಯ ಕಡೆ ಶೇ. 28. ನೆಂಟರು ಇದನ್ನು ಕಂಡು ಮೀಸೆ ತಿರುವುವುದು ಬೇಡ. ಸುಮಾರು 350 ಜನರ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರುತ್ತದೆ. ಹೇಗೇ ಮುಚ್ಚಿದರೂ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ ತೊಂದರೆ ಎಂಬುದೇ ನನ್ನನ್ನು ಬೆಚ್ಚಿಬೀಳಿಸಿದ್ದು.

ಆರೋಗ್ಯವಾಗಿರುವ ಪ್ಯಾಂಕ್ರಿಯಾಸ್ ಬೆಣ್ಣೆಯಂತೆ ಮೆತ್ತಗೆ. ದಾರ ಬಿಗಿದರೆ ಮಾಂಸವನ್ನೇ ಕೊಯ್ದುಕೊಂಡು ಬರುತ್ತದೆ, ಸಡಿಲ ಬಿಟ್ಟರೆ ರಸ ಜಿನುಗುತ್ತದೆ. ಸ್ಟೇಪ್ಲರನ್ನು ಗಬಕ್ಕನೆ ಅದುಮಿದರೆ ದಪ್ಪಗಿನ ಗ್ರಂಥಿ ಸೀಳುತ್ತದೆ. ಅದಕ್ಕೇ ಎಷ್ಟೋ ಸರ್ಜನ್ನರು ಅದರ ದವಡೆಯನ್ನು ಮೆಲ್ಲಗೆ ಮುಚ್ಚಿ, ನಿಮಿಷಗಟ್ಟಲೆ ಹಾಗೇ ಹಿಡಿದು, ಆಮೇಲೆ ಪಿನ್ ಹೊಡೆಯುತ್ತಾರೆ. ಸಾಲದ್ದಕ್ಕೆ, ಸೋರುವುದು ಮಾಂಸವನ್ನೂ ಜೀರ್ಣಿಸಬಲ್ಲ ರಸ. ಕತ್ತರಿಸಿದ ತುದಿಗೆ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಅಂಟು ಬಳಿದೂ ನೋಡಿದರು, ನೆಚ್ಚುವಂಥ ಫಲ ಸಿಗಲಿಲ್ಲ. ಹಾಗಾದರೆ ಸ್ಟೇಪ್ಲರ್ ಏಕೆ? ಲ್ಯಾಪರೋಸ್ಕೋಪಿಯ ಸಣ್ಣ ತೂತಿನಿಂದ ಕೆಲಸ ಮಾಡುವಾಗ ಅದು ಸಲೀಸು. ನೀವು ಕಟ್ಟಿದ ಬಿಲ್ ಆ ಅನುಕೂಲಕ್ಕೆ, ಸೋರುವುದಿಲ್ಲ ಎಂಬ ಗ್ಯಾರಂಟಿಗಲ್ಲ. ಇದನ್ನು ಆಪರೇಷನ್ನಿಗೆ ಮುಂಚೆಯೇ ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಿತ್ತು.

ಡಿಸ್ಚಾರ್ಜ್ ಹಾಳೆಯಲ್ಲಿ ‘ಗ್ರೇಡ್ ಬಿ’ ಎಂದಿರುವುದು ಏನೆಂದೂ ಕೇಳಿದ್ದೀರಿ. ಡ್ರೈನ್ ನೀರಿನಲ್ಲಿ ಪ್ಯಾಂಕ್ರಿಯಾಸಿನ ಜೀರ್ಣರಸದ ಅಂಶವಾದ ಅಮೈಲೇಸ್ ಏರಿದೆ ಎಂಬುದೊಂದನ್ನೇ 2016ರ ಅಂತಾರಾಷ್ಟ್ರೀಯ ವರ್ಗೀಕರಣ ಫಿಸ್ಟುಲಾ, ಅಂದರೆ ಚಿಕಿತ್ಸೆಯ ಲೆಕ್ಕಕ್ಕೆ ಬರುವ ಸೋರಿಕೆ, ಎಂದು ಎಣಿಸುವುದಿಲ್ಲ. ಅದರ ಜೊತೆಗೆ ಪೈಪು ಮೂರು ವಾರ ದಾಟಿದರೆ ‘ಬಿ’. ಹೆಚ್ಚಿನವು ತಾವಾಗಿಯೇ ಒಣಗುತ್ತವೆ. ಪೈಪು ಇರುವುದರಿಂದಲೇ ರಸ ಒಳಗೆ ಮಡುಗಟ್ಟದೆ ಹೊರಬರುತ್ತಿದೆ, ಯಾರೋ ಹೇಳಿದರೆಂದು ಎಳೆಸಬೇಡಿ. ಚಳಿಜ್ವರ ಬಂದರೆ ಅಂದೇ ಡಾಕ್ಟರಿಗೆ ತೋರಿಸಿ. ಚೀಲದ ನೀರು ಕೆಂಪಗಾದರೆ, ಒಂದು ಚಮಚದಷ್ಟೇ ರಕ್ತ ಬಂದು ನಿಂತುಹೋದರೂ, ಬೆಳಗಾಗಲಿ ಎಂದು ಕಾಯಬೇಡಿ. ಆ ರಸ ರಕ್ತನಾಳವನ್ನು ಕೊರೆದಿರಬಹುದು.