‘ದಡ್ಡಿ ಅಂದ್ರ ಸಹಿಸ್ಕೋತಿದ್ದೆರಿ ಮೇಡಂ’

ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣ ಬರೆಯಲು ಕಾರಣ, ಇಂಥವರು ಈಗ ನನ್ನ ಬಳಿಗೆ ಮೇಲಿಂದ ಮೇಲೆ ಬರುತ್ತಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಕ್ಕಳು. ಎಐ (ಕೃತಕ ಬುದ್ಧಿಮತ್ತೆ) ಎಂ.ಟೆಕ್ ಓದಲು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ, ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಊಟ, ನಿದ್ದೆ ಎರಡೂ ಬಿಟ್ಟು ಮನೆಗೆ ಬಂದು ಕೂತವರು. ಈ ಹುಡುಗಿಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಊರು ಮನೆಯ ವಿವರ ಬದಲಿಸಿ ಬರೆಯುತ್ತಿದ್ದೇನೆ. ಸುಮಾ ಎಂದಿಟ್ಟುಕೊಳ್ಳಿ.

ಸುಮಾ ಯಾದಗಿರಿ ಜಿಲ್ಲೆಯ ಹಳ್ಳಿಯವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿಇ, ಈಗ ಬ್ಯಾಂಕ್ ಸಾಲದ ಮೇಲೆ ಹೈದರಾಬಾದಿನ ಒಂದು ಖಾಸಗಿ ವಿಶ್ವವಿದ್ಯಾಲಯ. ಎಳ್ಳಮಾವಾಸ್ಯೆಗೆ ಊರಿಗೆ ಬಂದವಳು ಚರಗ (ಬೆಳೆಗೆ ಕೊಡುವ ನೈವೇದ್ಯ) ಚೆಲ್ಲಲು ಹೊಲಕ್ಕೆ ಹೋಗಲಿಲ್ಲ. ನಮ್ಮ ಭಾಗದಲ್ಲಿ ಅದು ಸಣ್ಣ ಮಾತಲ್ಲ. ಮೈಯಲ್ಲಿ ಹುಷಾರಿಲ್ಲದವರೂ ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬರುವ ದಿನ ಅದು. ಅಪ್ಪನಿಗೆ ಗಾಬರಿಯಾದದ್ದು ಅಲ್ಲಿಯೇ. ‘ಭಾಳ ಶಾಣ್ಯಾಕಿ ಅದಾಳ್ರಿ ಮೇಡಂ, ಏನಾಗ್ಯಾದೋ ಗೊತ್ತಾಗವಲ್ದು’ ಎಂದರು. ಬೀಗರು ಆಗಲೇ ಸಲಹೆ ಕೊಟ್ಟಾಗಿತ್ತು: ಅದನ್ನ ಬಿಡಸ್ರಿ, ನಮ್ಮ ಭಾಗಕ್ಕ 371(ಜೆ) ಮೀಸಲಾತಿ ಅದ, ಸರಕಾರಿ ನೌಕರಿಗಿ ಓದಸ್ರಿ.

ಮೊದಲ ಭೇಟಿಯಲ್ಲಿ ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ತಪ್ಪು. ಇಲ್ಲ ಎಂದಳು. ಆದರೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವಳ ಮೊಬೈಲ್‌ನಲ್ಲಿ ಹಾಕಿಸಿದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಸಾಲದ ಕಾಗದವನ್ನೂ ತರಿಸಿ ಓದಿದೆವು. ಒಂದು ವಿಷಯದಲ್ಲಿ ಫೇಲಾದರೆ ಬ್ಯಾಂಕಿನವರು ಹೊಲಕ್ಕೆ ಬರುತ್ತಾರೆ ಎಂದು ತಂದೆ, ಮಗಳು ಇಬ್ಬರೂ ನಂಬಿದ್ದರು. ಅವರದು 7.5 ಲಕ್ಷದೊಳಗಿನ, ಕೇಂದ್ರದ ಖಾತರಿ ನಿಧಿಯಡಿ ಕೊಟ್ಟ ಸಾಲ. ಹೊಲ ಅಡವಿಟ್ಟಿರಲಿಲ್ಲ, ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷವಾದ ಮೇಲೆ. ಅಪ್ಪನ ಮುಖ ಹಗುರಾಯಿತು. ಅವಳದ್ದು ಆಗಲಿಲ್ಲ.

ಎರಡನೆಯ ಭೇಟಿಗೆ ಒಬ್ಬಳೇ ಬಂದಳು. ಅಸೈನ್‌ಮೆಂಟ್‌ಗಳಲ್ಲಿ ಒಳ್ಳೆಯ ಅಂಕ ಬಂದಿವೆ, ಗಣಿತದ ಪರೀಕ್ಷೆ ಮಾತ್ರ ಹಾಳಾಗಿದೆ ಎಂದಳು. ಇಷ್ಟಕ್ಕೇ ನಿದ್ದೆ ಹೋಗಿದೆಯೇ ಎಂದು ಕೇಳಿದ್ದಕ್ಕೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: ‘ಎಲ್ಲಾರೂ ನೀ ಶಾಣ್ಯಾಕಿ ಇದ್ದಿ ಅಂತಾರ್ರಿ. ದಡ್ಡಿ ಅದೀನಿ ಅಂದ್ರ ಸಹಿಸ್ಕೋತಿದ್ದೆರಿ ಮೇಡಂ. ನಾ ಕಳ್ಳಿ ಅದೀನಿ.’

ಸೆಪ್ಟೆಂಬರ್‌ನಿಂದ ಕೊಟ್ಟ ಒಂದೊಂದು ಪ್ರೋಗ್ರಾಮನ್ನೂ ಚಾಟ್‌ಜಿಪಿಟಿಯಿಂದ ಬರೆಸಿದ್ದಳು. ಮೊದಲು ಎರಡು ಸಾಲು, ಆಮೇಲೆ ಪೂರಾ. ಕಂಪ್ಯೂಟರ್ ಸೈನ್ಸ್ ಓದಿ ಬಂದವರ ಸರಿಸಮ ಓಡಬೇಕಿತ್ತು.

‘ಕಳ್ಳಿ ಅಲ್ಲ ಬಿಡವ್ವಾ’ ಎಂದು ನಾನು ಹೇಳಲಿಲ್ಲ. ಹಾಗೆ ಹೇಳುವುದು ಸುಲಭ, ಆದರೆ ಅವಳು ಹೇಳಿದ್ದರಲ್ಲಿ ನಿಜವಿತ್ತು. ಸಮಾಧಾನಕ್ಕಾಗಿ ಅದನ್ನು ಅಳಿಸಿದರೆ ಅವಳ ಮಾತನ್ನು ನಾನು ಕೇಳಿಸಿಕೊಂಡ ಹಾಗಾಗುತ್ತಿರಲಿಲ್ಲ. ‘ಏನು ತಗೊಂಡಿದಿ, ತೋರ್ಸು’ ಎಂದೆ.

ಲ್ಯಾಪ್‌ಟಾಪ್ ತೆಗೆದಳು. ಕೈಬರಹದ ಅಂಕಿ ಗುರುತಿಸುವ ಪ್ರೋಗ್ರಾಮ್. ಎಂನಿಸ್ಟ್ ಎಂಬ ಸಂಗ್ರಹದ 60,000 ಚಿತ್ರಗಳಿಂದ ಕಲಿತು, ಬೇರೆ 10,000 ಚಿತ್ರಗಳ ಮೇಲೆ ಪರೀಕ್ಷೆಗೆ ನಿಲ್ಲುತ್ತದೆ. ನೂರಕ್ಕೆ ತೊಂಬತ್ತೆಂಟು ಸರಿ ಹೇಳುತ್ತಿತ್ತು. ಇದು ಕಲಿಯುವುದು ಹೇಗೆ ಎಂದೆ. ‘ಗ್ರೇಡಿಯಂಟ್ ಡಿಸೆಂಟ್ ರಿ’ ಎಂದು ನಿಂತುಬಿಟ್ಟಳು. ತಪ್ಪು ಕಡಿಮೆಯಾಗುವ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ಸರಿಯುವ ವಿಧಾನ ಅದು. ನಾನು ಪದವಿಯಲ್ಲಿ ಗಣಿತ ಓದಿದವಳು. ಒಂದು ಹಾಳೆ ಕೊಟ್ಟೆ. ಒಂದೇ ಒಂದು ತೂಕ, ಅಂದರೆ ಒಳಗೆ ಬಂದದ್ದನ್ನು ಗುಣಿಸುವ ಸಂಖ್ಯೆ, ಇರುವ ಯಂತ್ರ ಎಂದುಕೋ. ಒಳಗೆ ಹೋಗುವ ಸಂಖ್ಯೆ 2, ತೂಕ 3, ಹೊರಗೆ ಬರಬೇಕಾದದ್ದು 10.

‘6 ಬರ್ತದರಿ.’ ತಪ್ಪು 4, ಅದರ ವರ್ಗ 16. ಈಗ ತೂಕ ಎತ್ತ ಸರಿಸಬೇಕು, ಎಷ್ಟು? ತೂಕ ಬದಲಾದಂತೆ ಆ ವರ್ಗ ಯಾವ ದರದಲ್ಲಿ ಬದಲಾಗುತ್ತದೆ ಎಂಬುದನ್ನು, ಪಿಯುಸಿಯಲ್ಲಿ ಕಲಿತ ಡೆರಿವೇಟಿವ್ ನೆನಪಿಸಿಕೊಂಡು ನಿಧಾನಕ್ಕೆ ತೆಗೆದಳು: ಮೈನಸ್ 16. ಲರ್ನಿಂಗ್ ರೇಟ್, ಅಂದರೆ ಹೆಜ್ಜೆಯ ಅಳತೆ, 0.1 ಇಟ್ಟರೆ ತೂಕ 4.6 ಆಗುತ್ತದೆ, ಉತ್ತರ 9.2, ತಪ್ಪಿನ ವರ್ಗ 0.64. ಇನ್ನೊಂದು ಸುತ್ತು ಅವಳೇ ಹಾಕಿದಳು: ತೂಕ 4.92, ಉತ್ತರ 9.84. ಆಮೇಲೆ ನಾನು ಹೇಳದೆಯೇ ಲರ್ನಿಂಗ್ ರೇಟನ್ನು 0.5 ಮಾಡಿ, ಮತ್ತೆ ಮೊದಲಿಂದ ಲೆಕ್ಕ ಹಿಡಿದಳು. ತೂಕ 11ಕ್ಕೆ ಜಿಗಿದು ಉತ್ತರ 22 ಆಯಿತು. ‘ಹಾರಿಹೋಯ್ತಲ್ರಿ ಇದು!’ ಎಂದಳು. ಅವಳ ದನಿ ಏರಿದ್ದನ್ನು ನಾನು ಅವತ್ತೇ ಮೊದಲ ಸಲ ಕೇಳಿದ್ದು. ಹಾಳೆಯ ಹಿಂಬದಿಯಲ್ಲಿ 0.25 ಇಟ್ಟು ನೋಡತೊಡಗಿದಳು, ಹೊತ್ತು ಮುಗಿದರೂ ಏಳಲಿಲ್ಲ.

ಕೊಟ್ಟ ಸಲಹೆ ಇಷ್ಟು. ಕೋರ್ಸ್ ಬಿಡುವ ನಿರ್ಧಾರ ಈಗ ಬೇಡ. ಯಂತ್ರದಿಂದ ಬರೆಸಿದ ಕೆಲಸ ಯಾವುದು ಎಂದು ಆ ವಿಷಯದ ಗುರುಗಳಿಗೆ ನೀನೇ ಹೋಗಿ ಹೇಳು, ಅಂಕ ಹೋಗಬಹುದು ಎಂದು ತಿಳಿದುಕೊಂಡೇ ಹೇಳು. ಇನ್ನು ಮುಂದೆ ಮೊದಲು ಕಾಗದ, ಆಮೇಲೆ ಚಾಟ್‌ಜಿಪಿಟಿ. ಅದನ್ನು ಬಳಸಿದ ಕಡೆ ವರದಿಯಲ್ಲಿ ಒಂದು ಸಾಲು ಬರೆ. ಗಣಿತಕ್ಕೆ ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠಮಾಲೆ) ಪಾಠ ಪುಕ್ಕಟೆ ಸಿಗುತ್ತವೆ. ಯಾವುದರಿಂದ ಶುರು ಮಾಡಬೇಕು ಎಂದು ತಿಳಿಯದಿದ್ದರೆ, 2024ರಲ್ಲಿ ಗೇಟ್ ಪ್ರವೇಶ ಪರೀಕ್ಷೆಗೆ ಸೇರಿಸಿದ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆಯ ಪಠ್ಯಕ್ರಮ ನೋಡು: ಸಂಭವನೀಯತೆ, ಲೀನಿಯರ್ ಆಲ್ಜಿಬ್ರಾ, ಕ್ಯಾಲ್ಕುಲಸ್ ಮೊದಲು, ಮಷಿನ್ ಲರ್ನಿಂಗ್ ಆಮೇಲೆ. ಆ ಕ್ರಮದಲ್ಲಿಯೇ ಹೋಗು.

ಇದಕ್ಕೆ ನನ್ನ ಜೊತೆ ಕೆಲಸ ಮಾಡುವವರೇ ಆಕ್ಷೇಪಿಸಿದರು. ಆಪ್ತಸಲಹೆಗಾರರು ಮನಸ್ಸು ನೋಡಬೇಕು, ಟ್ಯೂಷನ್ ಹೇಳಬಾರದು. ತಪ್ಪೊಪ್ಪಿಕೊಳ್ಳಲು ಕಳಿಸಿ ಹುಡುಗಿಯನ್ನು ಅಪಾಯಕ್ಕೆ ದೂಡಿದಿರಿ ಎಂದರು. ಎರಡನ್ನೂ ನಾನು ಒಪ್ಪುವುದಿಲ್ಲ. ಅವಳ ನಿದ್ದೆ ಕೆಟ್ಟಿದ್ದು ಬಾಲ್ಯದ ಯಾವುದೋ ಗಾಯದಿಂದಲ್ಲ. ತಿಳಿಯದ ಒಂದು ಅಧ್ಯಾಯವನ್ನು ತಿಳಿದಿದೆ ಎಂದು ತೋರಿಸಿಕೊಂಡು ಬದುಕುತ್ತಿದ್ದುದರಿಂದ. ಆ ಅಧ್ಯಾಯ ಮುಟ್ಟದೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದ್ದರೆ ಮುಂದಿನ ವೈವಾಗೆ ಮತ್ತೆ ಅದೇ ಎದೆಬಡಿತ ಶುರುವಾಗುತ್ತಿತ್ತು. ಇನ್ನು ಹೇಳುವುದೋ ಬಿಡುವುದೋ ಎಂಬ ತೀರ್ಮಾನ ಅವಳದ್ದೇ ಆಗಿತ್ತು. ಅವಳು ಅದಕ್ಕೆ ಒಂದು ವಾರ ತೆಗೆದುಕೊಂಡಳು. ನಾನು ನೆನಪಿಸಲೂ ಇಲ್ಲ.

ತಂದೆತಾಯಿಗಳಿಗೆ ಒಂದು ಮಾತು. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್‌ನಲ್ಲಿ. ಆ ವರ್ಷ ಇಂಜಿನಿಯರಿಂಗ್ ಸೇರಿದವರು ಇಡೀ ಪದವಿಯನ್ನು ಅದರ ಜೊತೆಯಲ್ಲೇ ಓದಿದ್ದಾರೆ. ಅವರಲ್ಲಿ ಚೆನ್ನಾಗಿ ಕಲಿತವರೂ ಬಹಳ ಮಂದಿ ಇದ್ದಾರೆ. ಸುಮಾಳ ಹಾಗೆ ಒಳಗೊಳಗೇ ನವೆಯುವವರೂ ಇದ್ದಾರೆ. ಇಂಥ ಮಕ್ಕಳಿಗೆ ‘ನೀ ಶಾಣ್ಯಾ ಇದ್ದಿ’ ಎಂದಷ್ಟೂ ಭಾರ ಹೆಚ್ಚುತ್ತದೆ. ಅಂಕಪಟ್ಟಿ ಕೇಳಬೇಡಿ. ಈ ವಾರ ನೀನೇ ಕೈಯಾರೆ ಏನು ಮಾಡಿದಿ ತೋರ್ಸು ಎನ್ನಿ. ನಿಮಗೆ ಗಣಿತ ತಿಳಿಯಬೇಕಿಲ್ಲ. ತೋರಿಸುವಾಗ ಮುಖ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತಾಗುತ್ತದೆ.

ಸುಮಾ ಹೋಗಿ ಹೇಳಿದಳು. ಗುರುಗಳು ಬೈಯಲಿಲ್ಲ, ಆದರೆ ಎರಡು ಅಸೈನ್‌ಮೆಂಟ್‌ಗಳ ಅಂಕ ರದ್ದು ಮಾಡಿದರು. ಗಣಿತವೂ ಫೇಲಾಯಿತು. ಅವಳಪ್ಪ ಫೋನ್ ಮಾಡಿ, ‘ಸುಮ್ನ ಇದ್ದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲಲ್ರಿ ಮೇಡಂ’ ಎಂದು ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಸಾಲ ಅವರ ಹೆಸರಿನಲ್ಲೂ ಇದೆ. ‘ಆಕಿಗಿ ಗೊತ್ತಿತ್ತಲ್ರಿ ಅಣ್ಣಾ, ಅದಕ್ಕೇ ಹೊಲಕ್ಕ ಬರಲಿಲ್ಲ’ ಎಂದೆ. ಅವರು ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ.

ಅವಳು ಹೈದರಾಬಾದಿನಲ್ಲೇ ಇದ್ದಾಳೆ, ಮರುಪರೀಕ್ಷೆಗೆ ಫೀಸು ಕಟ್ಟಿದ್ದಾಳೆ. ಒಂದು ತೂಕದ ಯಂತ್ರ ದಾಟಿ ಎರಡು ಪದರದ್ದಕ್ಕೆ ಬಂದಿದ್ದಾಳೆ. ಪದರದಿಂದ ಪದರಕ್ಕೆ ಡೆರಿವೇಟಿವ್ ತೆಗೆಯುವ ಚೈನ್ ರೂಲ್ ತಲೆಗೆ ಹತ್ತದೆ ಒಂದು ರಾತ್ರಿ ಅತ್ತಳಂತೆ. ಮರುದಿನ ಅದೇ ಲೆಕ್ಕದ ಫೋಟೋ ಕಳಿಸಿ, ಮೂರನೆಯ ಸಾಲಿನಲ್ಲಿ ಚಿಹ್ನೆ ತಪ್ಪಿದೆಯೇ ನೋಡ್ರಿ ಎಂದು ಕೇಳಿದ್ದಳು. ತಪ್ಪಿತ್ತು.