ಎಕ್ಸ್‌ರೇ ಸರಿ ಇದೆ, ಹಲ್ಲುನೋವು ಹೋಗ್ತಿಲ್ಲ: ಡಿಪ್ರೆಶನ್ ಮಾತ್ರೆ ಯಾಕೆ?

ರೂಟ್ ಕೆನಾಲ್ ಆಗಿದೆ, ಎಕ್ಸ್‌ರೇಯಲ್ಲಿ ಏನೂ ಕಾಣ್ತಿಲ್ಲ, ಆದರೂ ಅಮ್ಮನಿಗೆ ತಿಂಗಳುಗಟ್ಟಲೆ ನೋವಿದೆ. ಡಾಕ್ಟರ್ ಅಮಿಟ್ರಿಪ್ಟಿಲಿನ್ ಎಂಬ ಡಿಪ್ರೆಶನ್ ಮಾತ್ರೆ ಬರೆದಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ.

ಕೊಡಬಹುದು. ಅಮ್ಮನ ನೋವು ಸುಳ್ಳು ಅಂತ ಡಾಕ್ಟರ್ ಅಂದುಕೊಂಡಿಲ್ಲ. ಇಂಥ ನೋವಿನಲ್ಲಿ ತೊಂದರೆ ಹೆಚ್ಚಾಗಿ ಹಲ್ಲಿನಲ್ಲಲ್ಲ, ನೋವನ್ನು ಸಾಗಿಸುವ ನರಗಳಲ್ಲಿ ಇರುತ್ತದೆ. ಅದಕ್ಕೇ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಷ್ಟಾಗಿ ನಾಟುವುದಿಲ್ಲ. ಅಮಿಟ್ರಿಪ್ಟಿಲಿನ್ ಆ ನರಗಳ ಗದ್ದಲ ತಗ್ಗಿಸುತ್ತದೆ. ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂ.ನಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಡಿಪ್ರೆಶನ್‌ಗೆ ಕೊಡುವ ಡೋಸ್ ಇದಕ್ಕಿಂತ ಬಹಳ ಜಾಸ್ತಿ. ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕು ದಿನಕ್ಕೇ ಸುಮ್ನೆ ಬಿಡಬೇಡಿ.

ಬಾಯಿ ಒಣಗುತ್ತದೆ, ನಿದ್ದೆ ಎಳೆಯುತ್ತದೆ, ಮಲಬದ್ಧತೆ ಆಗಬಹುದು. ಕಲಬುರಗಿಯ ಬೇಸಿಗೆಯಲ್ಲಂತೂ ನೀರಿನ ಬಾಟಲಿ ಕೈಯಲ್ಲೇ ಇರಲಿ. ಗ್ಲಾಕೋಮಾ (ಕಣ್ಣಿನ ಒಂದು ಕಾಯಿಲೆ), ಹೃದಯದ ಬಡಿತದ ತೊಂದರೆ ಇದ್ದರೆ ಡಾಕ್ಟರ್‌ಗೆ ಮೊದಲೇ ಹೇಳಿ.

ಇದು ಒಗ್ಗದಿದ್ದರೆ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಅಥವಾ ಡುಲಾಕ್ಸೆಟಿನ್ ಇವೆ. ಕೆಲವರಿಗೆ ವಸಡಿಗೆ ಹಚ್ಚುವ ಲಿಡೊಕೇನ್ ಜೆಲ್ ಸಾಕಾಗುತ್ತದೆ. ನೋವು ಕರೆಂಟ್ ಹೊಡೆದಂತೆ ಕ್ಷಣಕಾಲ ಬಂದು ಹೋದರೆ ಕಾಯಿಲೆಯೇ ಬೇರೆ ಇರಬಹುದು, ಅದಕ್ಕೆ ಕಾರ್ಬಮಜೆಪಿನ್ ಕೊಡುತ್ತಾರೆ.

ಹಲ್ಲು ಕೀಳಿಸಲು ಮಾತ್ರ ಅವಸರ ಬೇಡ. ಕಿತ್ತ ಮೇಲೂ ಅದೇ ಜಾಗದಲ್ಲಿ ನೋವು ಉಳಿಯುವುದುಂಟು. ಅದಕ್ಕೆ ಮೊದಲು ನಿಮ್ಮೂರಿನ ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ (ಬಾಯಿಯ ಕಾಯಿಲೆಗಳ) ವಿಭಾಗದಲ್ಲಿ ತೋರಿಸಿ. ಹಲ್ಲಿನ ಸಣ್ಣ ಬಿರುಕು, ಸೈನಸ್ ಇಂಥವನ್ನು ಅಲ್ಲಿ ನೋಡುತ್ತಾರೆ.