ಸೋಮವಾರದ ಊಟ ಮತ್ತು ಕ್ವಾರ್ಟರ್‌ಬ್ಯಾಕ್

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಎರಡು ತಿಂಗಳಾಯಿತು, ಕೆಲಸ ಪರವಾಗಿಲ್ಲ, ಆದರೆ ಸೋಮವಾರ ಊಟಕ್ಕೆ ಕೂತರೆ ಎಲ್ಲರ ಬಾಯಲ್ಲೂ ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್, ನಾನು ಸುಮ್ನೆ ತಲೆ ಆಡಿಸುತ್ತೇನೆ ಅಂತ ಬರೆದಿದ್ದೀರಿ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅಂದರೆ ಜೋರಾಗಿ ಎಸೆಯುವವನಾ ಅಂತಲೂ ಕೇಳಿದ್ದೀರಿ. ನಾನೂ ನಾಲ್ಕು ವರ್ಷ ಹಾಗೇ ತಲೆ ಆಡಿಸಿದವನು, ನಾಚಿಕೆ ಬೇಡ.

ಆಟ ಇಷ್ಟೇ: ಒಂದು ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಓಡುವವನಿಗೆ ಕೊಡಬಹುದು, ತಾನೇ ಓಡಬಹುದು, ಎಸೆಯಬಹುದು. ಉಳಿದದ್ದು ನೋಡ್ತಾ ನೋಡ್ತಾ ಬರುತ್ತದೆ.

ಎಸೆಯಲು ಅವನಿಗೆ ಸಿಗುವುದು ಎರಡೂವರೆ, ಮೂರು ಸೆಕೆಂಡ್. ಎದುರಿನಿಂದ ನೂರಿಪ್ಪತ್ತು ಕಿಲೋ ತೂಗುವ ಆಳುಗಳು ಮೈಮೇಲೆ ಬೀಳಲು ನುಗ್ಗುತ್ತಿರುತ್ತಾರೆ. ಅವನು ಅವರನ್ನು ನೋಡಿದನೋ, ಕೆಟ್ಟ. ಅವರ ತಲೆಯಾಚೆ, ನಮ್ಮವರಲ್ಲಿ ಯಾರ ಹತ್ತಿರ ಎದುರಾಳಿ ಇಲ್ಲ ಅಂತ ಹುಡುಕಬೇಕು. ಬ್ಯಾಟ್ಸ್‌ಮನ್‌ಗೆ ತನ್ನ ಕಡೆ ಬರುವ ಚೆಂಡಿನ ಮೇಲೆ ಕಣ್ಣಿದ್ದರೆ ಸಾಕು. ಇವನಿಗೆ ತನ್ನ ಕಡೆ ಬರುವುದರಿಂದಲೇ ಕಣ್ಣು ತೆಗೆಯಬೇಕು! ಏನು ಆಡಬೇಕು ಅಂತ ಕೋಚ್ ಹೆಲ್ಮೆಟ್ ಒಳಗಿನ ಸ್ಪೀಕರ್‌ನಲ್ಲಿ ಹೇಳಿರುತ್ತಾರೆ, ನಿಜ. ಆದರೆ ಮುಂದಿನ ಪ್ರಯತ್ನ ಶುರುಮಾಡಲು ಕೊಟ್ಟ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್. ಆಮೇಲೆ ಇವನೊಬ್ಬನೇ.

ಇದು ನನಗೆ ಹೊಳೆದದ್ದು ಟೀವಿಯಲ್ಲಲ್ಲ, ನಮ್ಮ ಬಡಾವಣೆಯ ಹೈಸ್ಕೂಲ್ ಮೈದಾನದಲ್ಲಿ. ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ‘ಚೆಂಡು ಬಿಡು, ಆ ಹುಡುಗನ ಹೆಲ್ಮೆಟ್ ನೋಡು’ ಅಂದರು. ನೋಡಿದೆ. ಹೆಲ್ಮೆಟ್ ಎಡಕ್ಕೆ ತಿರುಗಿತು. ಹಿಂದೆ ಕಾಯುತ್ತಿದ್ದ ಎದುರಾಳಿ ಹುಡುಗ ಎರಡು ಹೆಜ್ಜೆ ಎಡಕ್ಕೆ ಸರಿದ. ಚೆಂಡು ಬಲಕ್ಕೆ ಹೋಯಿತು, ಅಲ್ಲಿ ಯಾರೂ ಇರಲಿಲ್ಲ. ಅದನ್ನು ಹಿಡಿಯಬೇಕಾದವನು ಇನ್ನೂ ಬೆನ್ನು ಹಾಕಿ ಓಡುತ್ತಿದ್ದ. ತಿರುಗಿದ, ಚೆಂಡು ಎದೆಗೇ ಬಂತು. ಅವನು ಅಲ್ಲಿಗೆ ಬರುತ್ತಾನೆ ಅಂತ ಗೊತ್ತಿದ್ದು ಖಾಲಿ ಜಾಗಕ್ಕೆ ಎಸೆದದ್ದು, ಹದಿನಾರು ಹದಿನೇಳರ ಹುಡುಗ!

ನಿಮ್ಮ ಆಫೀಸಿನವರು ಮಾತಾಡುವುದು ಬ್ರಾಕ್ ಪರ್ಡಿ ಬಗ್ಗೆ ಇರಬೇಕು. ಡ್ರಾಫ್ಟ್ ಅಂದರೆ ತಂಡಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು. ಈ ಕಡೆಯ ನಮ್ಮ ತಂಡ ಫಾರ್ಟಿನೈನರ್ಸ್ 2021ರ ಡ್ರಾಫ್ಟ್‌ನಲ್ಲಿ ಮುಂದಿನ ಸರದಿಗಳನ್ನು ಬೇಕಾದಷ್ಟು ಬಿಟ್ಟುಕೊಟ್ಟು ಮೂರನೆಯವನಾಗಿ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು ತಂದರು. ಎತ್ತರ, ತೋಳಿನ ಬಲ, ಓಟ, ಎಲ್ಲಾ ಇದ್ದ ಹುಡುಗ. ಪರ್ಡಿಯನ್ನು 2022ರಲ್ಲಿ 262ನೆಯವನಾಗಿ ತೆಗೆದುಕೊಂಡರು, ಅಂದರೆ ಕಟ್ಟಕಡೆಯವನು. ಕೊನೆಯವನಿಗೆ ಇಲ್ಲಿ ‘ಮಿಸ್ಟರ್ ಇರ‍್ರೆಲವೆಂಟ್’ ಅಂತ ಹೆಸರಿಟ್ಟು ತಮಾಷೆ ಮಾಡುತ್ತಾರೆ. ಆ ವರ್ಷ ಲ್ಯಾನ್ಸ್ ಕಾಲು ಮುರಿದುಕೊಂಡ, ಎರಡನೆಯವನಿಗೂ ಪೆಟ್ಟಾಯಿತು, ಪರ್ಡಿ ಒಳಗೆ ಬಂದ. 2024ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಫೈನಲ್ ತನಕ ಹೋದ, ಸೋತ. 2025ರಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ. ಲ್ಯಾನ್ಸ್‌ಗೆ ಸರಿಯಾಗಿ ಅವಕಾಶವೇ ಸಿಗಲಿಲ್ಲ ಅನ್ನುವುದೂ ನಿಜ, ಪಾಪ. ಆದರೆ ತೋಳೊಂದೇ ಲೆಕ್ಕವಾಗಿದ್ದರೆ ಪರ್ಡಿಗೆ ಇಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಹಳಬರು ಸಿಕ್ಕರೆ ಫಾರ್ಟಿನೈನರ್ಸ್‌ನ ಹಳೆಯ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಹೆಸರು ಎತ್ತಿ, ಊಟದ ಸಮಯ ಮುಗಿದೇ ಹೋಗುತ್ತದೆ. 1989ರ ಸೂಪರ್ ಬೌಲ್, 3 ನಿಮಿಷ 10 ಸೆಕೆಂಡ್ ಬಾಕಿ, ಮೂರು ಅಂಕ ಹಿಂದೆ, ಗೆಲ್ಲಲು ಹೋಗಬೇಕಾದದ್ದು 92 ಗಜ. ಜೊತೆಯವರಿಗೆಲ್ಲ ಎದೆ ಢವಢವ. ಈ ಪುಣ್ಯಾತ್ಮ ಗ್ಯಾಲರಿ ಕಡೆ ಕೈ ತೋರಿಸಿ, ಅಲ್ಲಿ ಕೂತಿರುವುದು ನಟ ಜಾನ್ ಕ್ಯಾಂಡಿ ಅಲ್ವಾ ಅಂತ ಕೇಳಿದನಂತೆ. 34 ಸೆಕೆಂಡ್ ಇರುವಾಗ ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ತಲುಪಿಸುವುದು) ಎಸೆದ, 20–16ಕ್ಕೆ ಗೆದ್ದರು.

ಈ ಸೋಮವಾರ ಒಂದು ಪ್ರಶ್ನೆ ಕೇಳಿ ನೋಡಿ. ಚೆಂಡು ಎದುರಾಳಿ ಕೈಗೆ ಹೋಯಿತಲ್ಲ, ಅದು ಎಸೆತ ತಪ್ಪಿದ್ದಾ, ಅವನು ನೋಡಿದ್ದೇ ತಪ್ಪಾ? ಆಮೇಲೆ ನೀವು ಆರಾಮಾಗಿ ನಿಮ್ಮ ಡಬ್ಬಿ ಖಾಲಿ ಮಾಡಬಹುದು, ಅವರೇ ಮಾತಾಡಿಕೊಳ್ಳುತ್ತಾರೆ. ಶುಕ್ರವಾರ ಸಂಜೆ ಬಿಡುವಿದ್ದರೆ ಹೈಸ್ಕೂಲ್ ಮ್ಯಾಚಿಗೆ ಬನ್ನಿ, ಜೊತೆಗೇ ಹೋಗೋಣ. ಜಾಕೆಟ್ ಮರೆಯಬೇಡಿ, ಆ ಅಲ್ಯೂಮಿನಿಯಂ ಬೆಂಚು ಎಂಟು ಗಂಟೆ ಮೇಲೆ ಐಸ್ ಹಾಗಿರುತ್ತದೆ.